ಬೇಸಿಗೆ ರಜೆಗೆ ಪತ್ರಾಗಾರಕ್ಕೇ ಸೇರು

ಚಿ. ಸುಮೇಧಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ನೀನು ಬರೆದಿದ್ದನ್ನು ಎರಡೆರಡು ಸಲ ಓದಿದೆ. ನ್ಯೂಯಾರ್ಕಿನ ದೊಡ್ಡ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಮಾಡೆಲ್ ಮಾಡುವ ಕೆಲಸವೋ, ನಿನ್ನ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವಾಸ್ತುಶಿಲ್ಪ ಪತ್ರಾಗಾರದಲ್ಲಿ ಹಳೆಯ ನಕ್ಷೆ ವಿಂಗಡಿಸುವ ಕೆಲಸವೋ ಎಂದು ಕೇಳಿದ್ದೀಯ. ಮೊದಲನೆಯದಕ್ಕೆ ಸಂಬಳ ಹೆಚ್ಚು, ನಿಮ್ಮಪ್ಪನ ಒಲವೂ ಅತ್ತಲೇ. ನನ್ನನ್ನು ಕೇಳಿದರೆ ಪತ್ರಾಗಾರಕ್ಕೆ ಸೇರು. ಆಫೀಸಿನ ಕೆಲಸ ಮುಂದೆ ನಲವತ್ತು ವರ್ಷ ಇದ್ದೇ ಇರುತ್ತದೆ.

ಅಲ್ಲಿರುವುದು ಅಮೆರಿಕದ ವಾಸ್ತುಶಿಲ್ಪಿ ಲೂಯಿ ಕಾನ್ ಅವರ ಇಡೀ ವೃತ್ತಿಜೀವನ. 1974ರ ಮಾರ್ಚ್‌ನಲ್ಲಿ ಅಹಮದಾಬಾದಿನಿಂದ ಊರಿಗೆ ಮರಳುತ್ತ ನ್ಯೂಯಾರ್ಕಿನ ರೈಲು ನಿಲ್ದಾಣದಲ್ಲಿ ಅವರು ಹೃದಯಾಘಾತದಿಂದ ತೀರಿಕೊಂಡಾಗ ಕಚೇರಿ ಸಾಲದಲ್ಲಿ ಮುಳುಗಿತ್ತು. ಹಾಳೆಗಳು ಒಂದೊಂದಾಗಿ ಮಾರಾಟವಾಗಿ ದಿಕ್ಕಾಪಾಲಾಗಬಹುದಿತ್ತು. ಪೆನ್ಸಿಲ್ವೇನಿಯಾ ರಾಜ್ಯ ಅವನ್ನೆಲ್ಲ ಒಟ್ಟಿಗೆ ಕೊಂಡು ವಿಶ್ವವಿದ್ಯಾಲಯದ ವಶಕ್ಕೆ ಕೊಟ್ಟಿತು. ಅವರ ಸ್ವಂತ ಕೈಯಿಂದ ಬಂದ ರೇಖಾಚಿತ್ರಗಳೇ ಆರು ಸಾವಿರ ದಾಟುತ್ತವೆ. ಕಚೇರಿಯವರು ಎಳೆದ ನಕ್ಷೆಗಳು, ಮಾದರಿಗಳು, ಪತ್ರಗಳ ಪೆಟ್ಟಿಗೆಗಳು ಬೇರೆ. ವಾಸ್ತುಶಿಲ್ಪಿಯೊಬ್ಬರ ಕಾಗದಗಳನ್ನು ಉಳಿಸುವುದಕ್ಕೆ ಜನರ ಹಣ ಖರ್ಚಾಯಿತು ಎಂಬುದನ್ನು ನೆನೆದಾಗಲೆಲ್ಲ ನನಗೆ ಆ ರಾಜ್ಯದ ಮೇಲೆ ಗೌರವ ಮೂಡುತ್ತದೆ.

ಅಲ್ಲಿಗೆ ಹೋದಮೇಲೆ ಹೆಸರುವಾಸಿ ಚಿತ್ರಗಳನ್ನು ಹುಡುಕಿಕೊಂಡು ಓಡಬೇಡ. ಒಂದು ಕಟ್ಟಡ ಹಿಡಿ, ಅದರ ಮೊದಲ ಗೀಚಿನಿಂದ ಕೊನೆಯ ನಕ್ಷೆಯವರೆಗೆ ತಾರೀಖಿನ ಪ್ರಕಾರ ನೋಡುತ್ತ ಹೋಗು. ಅದಕ್ಕೆ ರಿಚರ್ಡ್ಸ್ ವೈದ್ಯಕೀಯ ಪ್ರಯೋಗಾಲಯಕ್ಕಿಂತ ಒಳ್ಳೆಯದು ಇನ್ನಿಲ್ಲ, ಫಿಲಡೆಲ್ಫಿಯಾದ ನಿನ್ನ ಕ್ಯಾಂಪಸ್ಸಿನಲ್ಲೇ ಇದೆ. 1957ರಲ್ಲಿ ಅದರ ಕೆಲಸ ಶುರುವಾದಾಗ ಕಾನ್ ಅವರಿಗೆ ಆಗಲೇ 56. (ಇಪ್ಪತ್ತನಾಲ್ಕಕ್ಕೇ ತಡವಾಯಿತು ಎಂದು ಕೊರಗುವ ನೀನು ಇದನ್ನು ಗಮನಿಸು. ಅವರ ಮೊದಲ ಮಹತ್ವದ ಕಟ್ಟಡ, ಯೇಲ್ ವಿಶ್ವವಿದ್ಯಾಲಯದ ಕಲಾ ಗ್ಯಾಲರಿ, ಮುಗಿದದ್ದು 1953ರಲ್ಲಿ.) ಜನ ಕೆಲಸ ಮಾಡುವ ಜಾಗ ಒಂದು ಕಡೆ, ಅದಕ್ಕೆ ಊಳಿಗ ಮಾಡುವ ಮೆಟ್ಟಿಲು, ಪೈಪು, ಹೊಗೆಗಾಳಿಯ ಕೊಳವೆಗಳು ಇನ್ನೊಂದು ಕಡೆ ಎಂದು ಬೇರ್ಪಡಿಸಿ, ಎರಡನೆಯದನ್ನು ಇಟ್ಟಿಗೆಯ ಗೋಪುರಗಳಾಗಿ ಹೊರಗೆ ನಿಲ್ಲಿಸಿದರು. ಜಗತ್ತು ಕೊಂಡಾಡಿತು. ಒಳಗಿದ್ದ ವಿಜ್ಞಾನಿಗಳು ಮಾತ್ರ ಬಿಸಿಲು ಕಣ್ಣಿಗೆ ಹೊಡೆಯುತ್ತದೆ ಎಂದು ಕಿಟಕಿಗಳಿಗೆ ಅಲ್ಯುಮಿನಿಯಂ ಹಾಳೆ ಅಂಟಿಸಿಕೊಂಡರು. ಜಾಗ ಇಕ್ಕಟ್ಟು ಎಂಬ ದೂರೂ ಇತ್ತು.

ಈಗ ಅದರ ಪಕ್ಕದಲ್ಲಿ ಕ್ಯಾಲಿಫೋರ್ನಿಯಾದ ಲಾ ಹೋಯಾದಲ್ಲಿರುವ ಸಾಲ್ಕ್ ಸಂಶೋಧನಾ ಸಂಸ್ಥೆಯ ನಕ್ಷೆಗಳನ್ನು ಹರಡು. ಪೋಲಿಯೋ ಲಸಿಕೆಯ ಜೋನಸ್ ಸಾಲ್ಕ್ 1959ರಲ್ಲಿ ಕಾನ್ ಅವರನ್ನು ಕಂಡು ಈ ಕೆಲಸ ಒಪ್ಪಿಸಿದರು. ಇಲ್ಲಿ ಕಾನ್ ಪೈಪು, ಕೊಳವೆಗಳನ್ನೆಲ್ಲ ಪ್ರತಿ ಪ್ರಯೋಗಾಲಯದ ನೆತ್ತಿಯ ಮೇಲೆ, ಆಳು ನಿಂತು ರಿಪೇರಿ ಮಾಡುವಷ್ಟು ಎತ್ತರದ, ಸುಮಾರು ಒಂಬತ್ತು ಅಡಿಯ ಪ್ರತ್ಯೇಕ ಅಂತಸ್ತಿಗೆ ಹಾಕಿದರು. ಕೆಳಗಿನ ಕೋಣೆಗೆ ಕಂಬಗಳ ಕಾಟವಿಲ್ಲ, ವಿಜ್ಞಾನಿಗೆ ಮೇಜು ಎಲ್ಲಿ ಬೇಕೋ ಅಲ್ಲಿ. ಫಿಲಡೆಲ್ಫಿಯಾದಲ್ಲಿ ಕೇಳಿಬಂದ ದೂರಿಗೆ ಲಾ ಹೋಯಾದಲ್ಲಿ ಉತ್ತರ ಸಿಕ್ಕಿತು. ಈ ಮಾತು ಕಟ್ಟಡಗಳನ್ನು ಬಿಡಿಬಿಡಿಯಾಗಿ ನೋಡಿದವರಿಗೆ ಹೊಳೆಯುವುದಿಲ್ಲ, ಹಾಳೆಗಳನ್ನು ಒತ್ತಟ್ಟಿಗಿಟ್ಟು ನೋಡಿದವರಿಗೆ ಹೊಳೆಯುತ್ತದೆ.

ಸಾಲ್ಕ್‌ನದೇ ಇನ್ನೊಂದು ಸಂಗತಿ. ಮೊದಲಿನ ಯೋಜನೆಯಲ್ಲಿ ನಾಲ್ಕು ಪ್ರಯೋಗಾಲಯಗಳು, ನಡುವೆ ಎರಡು ಅಂಗಳ. ನಕ್ಷೆ ಬಹಳ ಮುಂದುವರಿದ ಮೇಲೆ ಸಾಲ್ಕ್ ಅವರಿಗೆ ಮನಸ್ಸು ಒಪ್ಪಲಿಲ್ಲ, ಬೇರೆ ಮಾಡಿ ಎಂದರು. ಕಾನ್ ಮತ್ತೆ ಕೂತರು. ಎರಡು ಕಟ್ಟಡ, ಒಂದೇ ಅಂಗಳ ಆಯಿತು. ಆ ಅಂಗಳದಲ್ಲಿ ತೋಟ ಮಾಡುವ ಯೋಚನೆಯಿತ್ತು. ಮೆಕ್ಸಿಕೋದ ವಾಸ್ತುಶಿಲ್ಪಿ ಲೂಯಿಸ್ ಬರಗಾನ್ ಬಂದು ನೋಡಿ, ಗಿಡ ಬೇಡ, ಬರಿಯ ಕಲ್ಲಿನ ಅಂಗಳ ಇರಲಿ ಎಂದರು. ಕಾನ್ ಒಪ್ಪಿದರು. ಇವತ್ತು ಸಮುದ್ರದ ಕಡೆಗೆ ತೆರೆದ ಆ ಅಂಗಳವನ್ನು ನೋಡಲು ಜನ ದೇಶದೇಶಗಳಿಂದ ಬರುತ್ತಾರೆ. ಮಾಲೀಕರು ಬೇಡ ಎಂದದ್ದಕ್ಕೆ ಮುನಿಸಿಕೊಂಡು ಕೂರದೆ, ಸ್ನೇಹಿತರು ಹೇಳಿದ್ದನ್ನು ಕೇಳಿಸಿಕೊಂಡದ್ದರಿಂದ ಆದದ್ದು ಅದು. ನಿನ್ನ ಸ್ಟುಡಿಯೋದಲ್ಲಿ ಮೇಷ್ಟ್ರು ತಿದ್ದಿದಾಗ ನಿನಗೆ ಅಳು ಬರುತ್ತದೆ ಎಂದು ಬರೆದಿದ್ದೆಯಲ್ಲ, ಅಂಥ ದಿನ ಹೋಗಿ ಆ ನಾಲ್ಕು ಕಟ್ಟಡದ ನಕ್ಷೆಯನ್ನು ತೆಗೆದು ನೋಡು.

ಪ್ರತಿ ಹಾಳೆಯಲ್ಲೂ ಇದು ಯಾರ ಕೈ ಎಂದು ಕೇಳಿಕೊ. ರಿಚರ್ಡ್ಸ್, ಸಾಲ್ಕ್ ಎರಡರಲ್ಲೂ ಕಾಂಕ್ರೀಟಿನ ಲೆಕ್ಕ ಎಂಜಿನಿಯರ್ ಆಗಸ್ಟ್ ಕೊಮೆಂಡೆಂಟ್ ಅವರದು. ಯೇಲ್ ಗ್ಯಾಲರಿಯ ತ್ರಿಕೋನಗಳ ಸೂರಿನ ಹಿಂದೆ ಕಾನ್ ಕಚೇರಿಯಲ್ಲಿದ್ದ ವಾಸ್ತುಶಿಲ್ಪಿ ಆನ್ ಟಿಂಗ್ ಅವರ ಜ್ಯಾಮಿತಿಯ ಆಲೋಚನೆ ಇದೆ. ಟಿಂಗ್ ಅವರ ಸ್ವಂತ ಕಾಗದಗಳೂ ನಿನ್ನ ಪತ್ರಾಗಾರದಲ್ಲೇ ಇವೆ. ಆ ಕಾಲದಲ್ಲಿ ಹೆಣ್ಣುಮಗಳ ಹೆಸರನ್ನು ದೊಡ್ಡದಾಗಿ ಹಾಕುವವರು ಯಾರು? ಹಾಳೆಯ ಮೂಲೆಯಲ್ಲಿ ಬರೆದವರ, ಪರಿಶೀಲಿಸಿದವರ ಇನಿಷಿಯಲ್ ಇರುತ್ತದೆ, ಅದನ್ನು ಓದುವ ಅಭ್ಯಾಸ ಮಾಡು. ಪಟ್ಟಿ ತಯಾರಿಸುವಾಗ ಆ ಹೆಸರುಗಳನ್ನು ಬಿಡಬೇಡ. ಇದನ್ನು ನಾನು ಕಟ್ಟುನಿಟ್ಟಾಗಿ ಹೇಳುತ್ತಿದ್ದೇನೆ.

ಸಾರ್ವಜನಿಕ ಕಟ್ಟಡ, ವಿಶ್ವವಿದ್ಯಾಲಯದ ಕಟ್ಟಡ ಅಂದರೆ ಕಟ್ಟಿಸಿದವರು ಹೋಗುತ್ತಾರೆ, ಕಟ್ಟಿದವರು ಹೋಗುತ್ತಾರೆ, ಕಟ್ಟಡ ನಿಂತಿರುತ್ತದೆ. ಆಮೇಲೆ ಅದಕ್ಕೆ ಮಾತಾಡಲು ಉಳಿಯುವುದು ನಕ್ಷೆ ಒಂದೇ. ಇಲ್ಲಿ ನಾನು ದುರಸ್ತಿ ನೋಡಿಕೊಂಡಿದ್ದ ಕಾಲೇಜೊಂದರಲ್ಲಿ ಹಳೆಯ ಡ್ರಾಯಿಂಗುಗಳನ್ನು ರದ್ದಿಗೆ ಹಾಕಿಬಿಟ್ಟಿದ್ದರು. ಚರಂಡಿ ಎಲ್ಲಿ ಹೋಗಿದೆ ಎಂದು ತಿಳಿಯಲು ಒಳ್ಳೊಳ್ಳೆ ನೆಲವನ್ನು ಅಗೆಸಬೇಕಾಯಿತು. ಕಾನ್ ತೀರಿಕೊಂಡಾಗ ಅವರು ವಿನ್ಯಾಸ ಮಾಡಿದ್ದ ಢಾಕಾದ ಸಂಸತ್ ಭವನ ಅರ್ಧ ಎದ್ದಿತ್ತು, ಅವರ ಕಚೇರಿಯಲ್ಲಿದ್ದ ಡೇವಿಡ್ ವಿಸ್ಡಮ್ ಮತ್ತಿತರರು ಮುಂದುವರಿಸಿ ಮುಗಿಸಿದರು. ಅವರದೇ ವಿನ್ಯಾಸದ ನ್ಯೂಯಾರ್ಕಿನ ರೂಸ್‌ವೆಲ್ಟ್ ಸ್ಮಾರಕವಂತೂ ಕಾನ್ ಸತ್ತ ಮೇಲೆ 38 ವರ್ಷ ಕಾಗದದಲ್ಲೇ ಇದ್ದು, 2012ರಲ್ಲಿ ಕಲ್ಲಾಯಿತು. ಯಜಮಾನ ಇಲ್ಲದೆಯೂ ಕೆಲಸ ನಡೆಯಿತಲ್ಲ, ಅದಕ್ಕೆ ನಕ್ಷೆಯ ಅಚ್ಚುಕಟ್ಟುತನವೇ ಕಾರಣ.

ಅಹಮದಾಬಾದಿನ ಐಐಎಂ ವಿಷಯದಲ್ಲಿ ನನಗೆ ನೋವಿದೆ. 1962ರಲ್ಲಿ ನಮ್ಮ ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿಯವರ ಆಸ್ಥೆಯಿಂದ ಕಾನ್ ಅದರ ಕಟ್ಟಡಗಳ ವಿನ್ಯಾಸಕ್ಕೆ ಬಂದರು. ಕಾನ್ ನಂತರ ವಾಸ್ತುಶಿಲ್ಪಿ ಅನಂತ ರಾಜೆಯವರು ಅದನ್ನು ಮುಂದುವರಿಸಿದರು. ಇಟ್ಟಿಗೆಯ ಕಮಾನು, ಅದನ್ನು ಬಿಗಿಹಿಡಿದ ಕಾಂಕ್ರೀಟ್ ಪಟ್ಟಿ, ದೊಡ್ಡ ದುಂಡು ಕಂಡಿಗಳು. ಇಟ್ಟಿಗೆಯೊಳಗಿನ ಕಬ್ಬಿಣ ತುಕ್ಕು ಹಿಡಿದು ಗೋಡೆಗಳು ಬಿರಿದವು, 2001ರ ಭೂಕಂಪವೂ ಪೆಟ್ಟು ಕೊಟ್ಟಿತು. 2020ರ ಕೊನೆಯಲ್ಲಿ 18 ವಿದ್ಯಾರ್ಥಿನಿಲಯಗಳ ಪೈಕಿ 14ನ್ನು ಕೆಡವುವುದೆಂದಾಯಿತು. ಪ್ರಪಂಚದ ಎಲ್ಲೆಡೆಯಿಂದ ವಿರೋಧ ಬಂದಮೇಲೆ 2021ರ ಆರಂಭದಲ್ಲಿ ಆ ನಿರ್ಧಾರ ಕೈಬಿಟ್ಟರು. 2022ರಲ್ಲಿ ಮತ್ತೆ ಕೆಡವುವ ಮಾತು ಎದ್ದಿತು. ಅದೇ ಆವರಣದ ವಿಕ್ರಮ್ ಸಾರಾಭಾಯಿ ಗ್ರಂಥಾಲಯವನ್ನು ವಾಸ್ತುಶಿಲ್ಪಿ ಬೃಂದಾ ಸೋಮಯ ಅವರ ತಂಡ ಚೆನ್ನಾಗಿ ಜೀರ್ಣೋದ್ಧಾರ ಮಾಡಿ 2019ರಲ್ಲಿ ಯುನೆಸ್ಕೋ ಪ್ರಶಸ್ತಿ ಪಡೆದಿತ್ತು. ಅಂದರೆ ಉಳಿಸುವ ದಾರಿ ಇತ್ತು ಎಂದೇ ನಾನು ನಂಬಿದ್ದೇನೆ. ಅಲ್ಲಿನ ಇಟ್ಟಿಗೆಯ ಡೀಟೇಲ್ ಹಾಳೆಗಳು ಕೈಗೆ ಸಿಕ್ಕರೆ ಕಬ್ಬಿಣವನ್ನು ಎಲ್ಲಿ ಇಟ್ಟಿದ್ದಾರೆ, ನೀರು ಎಲ್ಲಿಂದ ಇಳಿಯಬಹುದು ಎಂದು ಗಮನವಿಟ್ಟು ನೋಡು. ಚೆಲುವನ್ನು ಮಾತ್ರ ನೋಡಿ ಎದ್ದುಬರಬೇಡ.

ಕಾನ್ ಅವರ ಬದುಕಿನ ರೀತಿಯನ್ನು ಮಾತ್ರ ಅನುಸರಿಸಬೇಡ. ಸಾಲ, ನಿದ್ದೆಗೇಡು, ಮನೆಯವರನ್ನು ಕಾಯಿಸುವುದು, ಇವು ಪ್ರತಿಭೆಗೆ ಬೇಕಾದವಲ್ಲ.

ನಿನ್ನ ಕೆಲಸದಲ್ಲಿ ಇವತ್ತಿನಿಂದಲೇ ಒಂದು ರೂಢಿ ಮಾಡಿಕೊ. ಬೇಡವೆಂದು ಬಿಟ್ಟ ಸ್ಕೆಚ್ಚಿಗೂ ತಾರೀಖು ಹಾಕು, ಯಾಕೆ ಬಿಟ್ಟೆ ಎಂದು ಎರಡು ಸಾಲು ಬರೆ. ಕಂಪ್ಯೂಟರಿನಲ್ಲಿ ಹಳೆಯ ಫೈಲಿನ ಮೇಲೇ ಹೊಸದನ್ನು ಸೇವ್ ಮಾಡುತ್ತ ಹೋದರೆ ನಡುವಿನ ಹೆಜ್ಜೆಗಳು ಅಳಿಸಿಹೋಗುತ್ತವೆ. ಪ್ರತಿ ಹಂತಕ್ಕೂ ಬೇರೆ ಫೈಲ್ ಇಡು, ಮುಖ್ಯವಾದದ್ದನ್ನು ಕಾಗದಕ್ಕೆ ಇಳಿಸು.

ನಿಮ್ಮಪ್ಪನ ಹತ್ತಿರ ಭಾನುವಾರ ನಾನೇ ಮಾತಾಡುತ್ತೇನೆ. ಸಂಬಳದಲ್ಲಿ ಕಡಿಮೆಯಾಗುವ ಹಣವನ್ನು ದೊಡ್ಡಪ್ಪ ಕಳಿಸುತ್ತಾರೆ, ಸಂಕೋಚ ಬೇಡ. ಪತ್ರಾಗಾರದವರಿಗೆ ಈ ವಾರವೇ ಒಪ್ಪಿಗೆ ತಿಳಿಸಿ ನನಗೊಂದು ಸಾಲು ಬರೆ.

ಇಂತಿ,
ನಿನ್ನ ದೊಡ್ಡಮ್ಮ