ಫ್ರಿಹಿಲಿಯಾನಾದ ಜೋನಿಬೆಲ್ಲ

ಕಳೆದ ಅಕ್ಟೋಬರ್ ರಜೆಯಲ್ಲಿ ನಾವು ದಕ್ಷಿಣ ಸ್ಪೇನಿನ ಫ್ರಿಹಿಲಿಯಾನಾಕ್ಕೆ ಹೋಗಿದ್ದೆವು. ಮಲಾಗಾ ಪ್ರಾಂತ್ಯದ ಸಣ್ಣ ಊರು. ಕಡಲತೀರದ ನೆರ್ಹಾದಿಂದ ಆರೇಳು ಕಿಲೋಮೀಟರ್ ಗುಡ್ಡ ಹತ್ತಬೇಕು. ಬಸ್ಸು ತಿರುವು ದಾಟಿದ ಕೂಡಲೇ ಊರು ಕಾಣಿಸಿತು. ಮನೆಗಳೆಲ್ಲ ಬೆಳ್ಳಗೆ, ಒಂದರ ಹೆಗಲ ಮೇಲೊಂದು ಕೂತ ಹಾಗೆ. ನಮ್ಮೂರಲ್ಲಿ ಹಬ್ಬಕ್ಕೆ ಮುಂಚೆ ಗೋಡೆಗೆ ಸುಣ್ಣ ಬಳಿಯುತ್ತಿದ್ದರಲ್ಲ, ಇಲ್ಲಿ ಊರಿಗೆ ಊರೇ ಹಾಗಿದೆ. ಈ ಬಿಳಿ ಬಣ್ಣ ಬಿಸಿಲಿನ ಶಾಖವನ್ನು ಅಷ್ಟಾಗಿ ಒಳಗೆ ಬಿಡುವುದಿಲ್ಲ, ಮನೆ ತಂಪಾಗಿರುತ್ತದೆ.

ಹಳೇ ಬೀದಿಗಳು ಬರೀ ಏರು, ಬರೀ ಮೆಟ್ಟಿಲು. ಉರುಟು ಕಲ್ಲುಗಳನ್ನು ಚಿತ್ತಾರವಾಗಿ ಹಾಸಿದ್ದಾರೆ. ಅರ್ಧ ದಾರಿಯಲ್ಲಿ ಮಗಳು ಒಂದು ಮೆಟ್ಟಿಲ ಮೇಲೆ ಕೂತು "ಅಮ್ಮಾ, ಸುಸ್ತು" ಅಂದಳು. ಅಷ್ಟು ಹೊತ್ತೂ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದವಳು.

ಅವಳ ಪಕ್ಕ ಕೂತಾಗಲೇ ಗೋಡೆಯ ಮೇಲಿನ ಬಣ್ಣದ ಹೆಂಚಿನ ಫಲಕ ಕಣ್ಣಿಗೆ ಬಿತ್ತು. ಊರಿನುದ್ದಕ್ಕೂ ಇಂಥ 12 ಫಲಕಗಳಿವೆ. ಅವು ಹೇಳುವುದು 1569ರ ಕಥೆ. ಆಗ ಇಲ್ಲಿದ್ದವರು ಮೊರಿಸ್ಕೋಗಳು. ಮುಸ್ಲಿಮರಾಗಿದ್ದವರು, ಬಲವಂತಕ್ಕೆ ಕ್ರೈಸ್ತರಾದವರು. 1567ರಲ್ಲಿ ದೊರೆ ಎರಡನೇ ಫಿಲಿಪ್ ಆಜ್ಞೆ ಹೊರಡಿಸಿದ: ಮೂರು ವರ್ಷದೊಳಗೆ ಎಲ್ಲರೂ ಕ್ಯಾಸ್ಟಿಲಿಯನ್, ಅಂದರೆ ಸ್ಪ್ಯಾನಿಷ್, ಕಲಿಯಬೇಕು, ಆಮೇಲೆ ಮನೆಯೊಳಗೂ ಅರಬ್ಬಿ ಮಾತಾಡಕೂಡದು. ಅವರ ಉಡುಗೆಗೂ ಹಾಡಿಗೂ ಅದೇ ಗತಿ. ಜನ ದಂಗೆ ಎದ್ದರು. ಊರ ಮೇಲಿನ ಬಂಡೆಗುಡ್ಡದಲ್ಲಿ ನಿಂತು ಹೋರಾಡಿ ಸೋತರು. ಉಳಿದವರನ್ನು ದೂರ ಚದುರಿಸಿದರು. 1609ರಿಂದ ದೇಶದಿಂದಲೇ ಹೊರಹಾಕಿದರು.

ಮನೆಯೊಳಗೂ ಮಾತಾಡಕೂಡದು. ಆ ಸಾಲು ನನ್ನನ್ನು ತುಂಬಾ ಹೊತ್ತು ಬಿಡಲಿಲ್ಲ. ನಮಗೆ ಯಾರೂ ಹಾಗೆ ಹೇಳಿಲ್ಲ ಅಲ್ವಾ? ಆದರೂ ನಮ್ಮ ಎಷ್ಟು ಮನೆಗಳಲ್ಲಿ ಕನ್ನಡ ತಾನಾಗಿಯೇ ಸುಮ್ಮನಾಗಿದೆ.

ಮಧ್ಯಾಹ್ನ ಊಟಕ್ಕೆ ಕೂತೆವು. ಗರಿಗರಿಯಾಗಿ ಕರಿದ ಬದನೆಕಾಯಿ ಬಂತು, ಮೇಲೆ ಕಪ್ಪನೆ ಪಾಕ. ಬಾಯಿಗಿಟ್ಟರೆ ಜೋನಿಬೆಲ್ಲ! ನಮ್ಮ ಮಲೆನಾಡಿನದಕ್ಕಿಂತ ಬಣ್ಣ ಗಾಢ, ಕೊನೆಗೆ ಸ್ವಲ್ಪ ಕಹಿ. ಆದರೆ ಆಲೆಮನೆಯ ಕೊಪ್ಪರಿಗೆ ಪಕ್ಕ ನಿಂತಾಗ ಬರುತ್ತಿದ್ದ ಅದೇ ಪರಿಮಳ. ಅಲ್ಲಿ ಇದಕ್ಕೆ 'ಮಿಯೆಲ್ ದೆ ಕಾನ್ಯಾ' ಎನ್ನುತ್ತಾರೆ, ಕಬ್ಬಿನ ಜೇನು ಅಂತ. ಊರ ಬಾಗಿಲಲ್ಲೇ ಇದರ ಕಾರ್ಖಾನೆ. 16ನೇ ಶತಮಾನದ ಅರಮನೆಯೊಂದು ಮುಂದೆ ಕಬ್ಬಿನ ಗಾಣವಾಯಿತು, ಇವತ್ತಿಗೂ ಅಲ್ಲಿ ಪಾಕ ತಯಾರಾಗುತ್ತದೆ.

ಕಬ್ಬನ್ನು ಸ್ಪೇನಿಗೆ ತಂದವರು ಅರಬರು. ಹೆಸರೂ ಜೊತೆಗೇ ಬಂತು. ನಮ್ಮ ಶರ್ಕರ ಅರಬ್ಬಿಯಲ್ಲಿ ಸುಕ್ಕರ್ ಆಗಿ, ಸ್ಪ್ಯಾನಿಷಿನಲ್ಲಿ 'ಅಸೂಕಾರ್' ಆಯಿತು. ಬದನೆಗೆ ಅವರು ಹೇಳುವ 'ಬೆರೆನ್ಹೇನಾ' ಕೂಡ ಭಾರತದ ಕಡೆಯಿಂದ ಪರ್ಷಿಯಾ, ಅರಬ್ ನಾಡು ದಾಟಿ ಹೋದ ಹೆಸರೇ. ಅರಬ್ಬಿ ಮಾತಾಡುವವರನ್ನು ಓಡಿಸಿದರು. ಕಾಫಿಗೆ ಸಕ್ಕರೆ ಕೇಳುವಾಗ ಇಡೀ ಸ್ಪೇನ್ ಇವತ್ತಿಗೂ ಅವರ ಪದವನ್ನೇ ಆಡುತ್ತದೆ.

ವಾಪಸ್ ಬಂದ ಮೇಲೆ ನೋಡಿದೆ, ನನ್ನ ಮಗಳ 'ಸುಸ್ತು' ಕೂಡ ಪಾರಸಿಯಿಂದ ಕನ್ನಡಕ್ಕೆ ಬಂದದ್ದು. ಎಲ್ಲಿಂದಲೋ ಹೊರಟ ಪದ, ನಮ್ಮಜ್ಜಿಯ ಬಾಯಲ್ಲಿ ನೆಲೆಸಿ, ಸ್ಪೇನಿನ ಮೆಟ್ಟಿಲ ಮೇಲೆ ಮೊಮ್ಮಗಳ ಮಗಳ ಬಾಯಿಂದ ಬಂತು.

ಹಾಗಾಗಿ ಈ ಸಂಕ್ರಾಂತಿ ಸಂಚಿಕೆಯಲ್ಲಿ ಒಂದು ಕೋರಿಕೆ. ನಿಮ್ಮ ಮಕ್ಕಳು ಬೇರೆ ಭಾಷೆಯಲ್ಲಿ ಹೇಳದೆ, ಕನ್ನಡದಲ್ಲೇ ಹೇಳುವ ಒಂದು ಪದ ಯಾವುದು? ಯಾವಾಗ ಹೇಳುತ್ತಾರೆ? ನಾಲ್ಕು ಸಾಲು ಬರೆದು ಕಳಿಸಿ, ಯುಗಾದಿ ಸಂಚಿಕೆಯಲ್ಲಿ ಎಲ್ಲವನ್ನೂ ಅಚ್ಚು ಹಾಕೋಣ. ಹಬ್ಬದ ದಿನ ಎಳ್ಳು ಬೆಲ್ಲದ ಮೇಜಿನ ಮೇಲೆ ಫ್ರಿಹಿಲಿಯಾನಾದ ಬಾಟಲಿ ಇಟ್ಟಿರುತ್ತೇನೆ. ದೋಸೆ ಜೊತೆ ರುಚಿ ನೋಡಿ.