ಅಧ್ಯಕ್ಷರ ಹೆಸರಿಲ್ಲದ ಮತಪತ್ರ

“ಅಧ್ಯಕ್ಷರ ಚುನಾವಣೆ 2028ಕ್ಕಲ್ವಾ? ಮತ್ತೆ ಈ ವರ್ಷ ಯಾಕಿಷ್ಟು ಗಲಾಟೆ?” ಕನ್ನಡ ಶಾಲೆಯ ಹುಡುಗಿಯೊಬ್ಬಳ ಪ್ರಶ್ನೆ. 2026ರ ನವೆಂಬರ್‌ನಲ್ಲಿ ಚುನಾವಣೆ ಇರುವುದು ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ಗೆ. ಕೇಳಲು ಸಂಕೋಚಪಡುವ ದೊಡ್ಡವರೂ ಇರುವುದರಿಂದ ಈ ಸಲದ ಸಂಪಾದಕೀಯ ಅದಕ್ಕೇ.

ಊರಲ್ಲಿ ಶಾಸಕರಿಗೆ ಒತ್ತಿದ ಗುಂಡಿಯೇ ಮುಖ್ಯಮಂತ್ರಿಯನ್ನೂ ತೀರ್ಮಾನಿಸುತ್ತದೆ. ಬಹುಮತ ಹೋದರೆ ಸರ್ಕಾರವೂ ಹೋಯಿತು. ಇಲ್ಲಿ ಕಾಂಗ್ರೆಸ್ ಎದುರಾಳಿ ಪಕ್ಷದ ಪಾಲಾದರೂ ಅಧ್ಯಕ್ಷರ ಕುರ್ಚಿ ಅಲುಗುವುದಿಲ್ಲ. ಬಜೆಟ್ ಮಾತ್ರ ಸಿಕ್ಕಿಹಾಕಿಕೊಳ್ಳುತ್ತದೆ.

ಎಣಿಕೆಯ ರೀತಿಯೂ ಬೇರೆ. ಅಧ್ಯಕ್ಷರಾಗಲು 538 ಎಲೆಕ್ಟರ್‌ಗಳಲ್ಲಿ (ಅಧ್ಯಕ್ಷರನ್ನು ಆರಿಸುವ ರಾಜ್ಯವಾರು ಪ್ರತಿನಿಧಿಗಳು) 270 ಬೇಕು. ಮೇಯ್ನ್, ನೆಬ್ರಾಸ್ಕ ಬಿಟ್ಟರೆ ಉಳಿದೆಡೆ ರಾಜ್ಯ ಗೆದ್ದವರಿಗೆ ಅಷ್ಟೂ ಎಲೆಕ್ಟರ್‌ಗಳು. 2016ರಲ್ಲಿ ನಮ್ಮ ಮಿಷಿಗನ್‌ನಲ್ಲಿ ಟ್ರಂಪ್ ಮುಂದಿದ್ದದ್ದು 10,704 ಮತಗಳಿಂದ. ಬಂದದ್ದು 16ಕ್ಕೆ 16. ದೇಶದ ಒಟ್ಟು ಮತಗಳಲ್ಲಿ ಹಿಂದಿದ್ದೂ ಅವರು ಗೆದ್ದದ್ದು ಹೀಗೆ. ಕಾಂಗ್ರೆಸ್ಸಿನ ಕೆಳಮನೆಯಲ್ಲಿ ಈ ಗಂಟುಕಟ್ಟುವಿಕೆ ಇಲ್ಲ. 435 ಕ್ಷೇತ್ರ, ಎರಡು ವರ್ಷದ ಅವಧಿ, ಮಿಷಿಗನ್ ಪಾಲಿಗೆ 13, ಒಂದೊಂದೂ ತನ್ನ ಪಾಡಿಗೆ. ಮೇಲ್ಮನೆಯಾದ ಸೆನೆಟ್‌ಗೆ ರಾಜ್ಯಕ್ಕಿಬ್ಬರು, ಆರು ವರ್ಷ. ನಮ್ಮ ಒಂದು ಸ್ಥಾನಕ್ಕೆ ಈ ಸಲ ಚುನಾವಣೆ.

ಕ್ಷೇತ್ರ ಒಂದೇ ಪಕ್ಷದ ಭದ್ರಕೋಟೆಯಾದರೆ ನಿಜವಾದ ಕುಸ್ತಿ ಪಕ್ಷದ ಅಭ್ಯರ್ಥಿಯನ್ನು ಮತದಾರರೇ ಆರಿಸುವ ಆಗಸ್ಟ್ ಪ್ರೈಮರಿಯಲ್ಲೇ ಮುಗಿದಿರುತ್ತದೆ. ಚಿಕ್ಕೋಡಿಯಲ್ಲಿ ಹುಟ್ಟಿದ ಶ್ರೀ ಥಾಣೇದಾರ್ 2022ರಲ್ಲಿ ಡೆಟ್ರಾಯಿಟ್‌ನ 13ನೇ ಕ್ಷೇತ್ರದ ಡೆಮಾಕ್ರಟಿಕ್ ಪ್ರೈಮರಿ ಗೆದ್ದದ್ದು ಶೇ. 28ರಷ್ಟು ಮತದಲ್ಲಿ. ಏಳು ವರ್ಷ ಪೌರರಾಗಿದ್ದರೆ ಕೆಳಮನೆಗೆ, ಒಂಬತ್ತಾದರೆ ಸೆನೆಟ್‌ಗೆ ಸ್ಪರ್ಧಿಸಬಹುದು. ಅಧ್ಯಕ್ಷಗಿರಿ ಹುಟ್ಟಾ ಪೌರರಿಗೆ ಮಾತ್ರ. ಪ್ರಶ್ನೆ ಕೇಳಿದ ಹುಡುಗಿಗೆ ಬಾಗಿಲು ತೆರೆದಿದೆ, ಅವಳಪ್ಪನಿಗಿಲ್ಲ.

ತಪ್ಪಾಗುವುದೆಲ್ಲಿ? ಮತಪತ್ರದ ಮೇಲ್ಭಾಗದಲ್ಲಿ ಪಕ್ಷದ ಹೆಸರಿನೆದುರು ಒಂದೇ ಗುರುತು ಹಾಕಿ (ಅದು ಆ ಪಕ್ಷದ ಎಲ್ಲ ಅಭ್ಯರ್ಥಿಗಳಿಗೂ ಸಲ್ಲುತ್ತದೆ) ಹಾಳೆ ಮಡಚುತ್ತಾರೆ. ಪಕ್ಷರಹಿತ ವಿಭಾಗಕ್ಕೆ ಆ ಗುರುತು ತಲುಪುವುದಿಲ್ಲ. ರಾಜ್ಯದ ಸುಪ್ರೀಂ ಕೋರ್ಟ್ ನ್ಯಾಯಾಧೀಶರು ಅಲ್ಲಿರುತ್ತಾರೆ. ರಾಜ್ಯದ ಸಂವಿಧಾನ ಪರಿಷ್ಕರಣೆಗೆ ಸಮಾವೇಶ ಬೇಕೇ ಎಂಬ, 16 ವರ್ಷಕ್ಕೊಮ್ಮೆ ಬರುವ ಪ್ರಶ್ನೆಯೂ ಈ ಸಲ ಇದೆ. ಎರಡೂ ಬದಿ ನೋಡಿ. ಪ್ರೈಮರಿಯಲ್ಲಂತೂ ಎರಡು ಪಕ್ಷಗಳ ಅಂಕಣಕ್ಕೂ ಗುರುತು ಹಾಕಿದರೆ ಪಕ್ಷದ ಭಾಗವೇ ಎಣಿಕೆಗೆ ಬರುವುದಿಲ್ಲ.

ಗ್ರೀನ್ ಕಾರ್ಡಿನವರೇ, ಡ್ರೈವಿಂಗ್ ಲೈಸೆನ್ಸ್ ಕೌಂಟರಿನಲ್ಲಿ ನೋಂದಣಿ ಅರ್ಜಿ ಮುಂದೆ ಬಂದರೆ ಸಹಿ ಹಾಕಬೇಡಿ. ಪೌರರಲ್ಲದೆ ಮತ ಹಾಕಿದರೆ ಗಡೀಪಾರಿನವರೆಗೂ ಹೋಗಬಹುದು, “ಗೊತ್ತಿರಲಿಲ್ಲ” ಎಂದರೆ ಸುಲಭಕ್ಕೆ ನಡೆಯದು.

ಆನ್‌ಲೈನ್ ನೋಂದಣಿಗೆ ಅಕ್ಟೋಬರ್ 19 ಕೊನೆ. ಆಮೇಲಾದರೆ ವಿಳಾಸದ ದಾಖಲೆ ಹಿಡಿದು ಕ್ಲರ್ಕ್ ಕಚೇರಿಗೇ ಹೋಗಬೇಕು. ನವೆಂಬರ್ 3ರ ರಾತ್ರಿ 8ರವರೆಗೂ ಅವಕಾಶವಿದೆ. ಮುಂಗಡ ಮತದಾನದ ಕೊನೆಯ ದಿನ ನವೆಂಬರ್ 1, ಭಾನುವಾರ. ಅಂದೇ ನಮ್ಮ ರಾಜ್ಯೋತ್ಸವ! ಮತ ಹಾಕಿ ಬಂದರೂ ಊಟ ಸಿಗುತ್ತದೆ.

ಜಾಗ ಮುಗಿಯಿತು, ಪ್ರಕಟಣೆಗಳು: ಮಕ್ಕಳ ನಾಟಕದ ತಾಲೀಮು ಶನಿವಾರ, ಸದಸ್ಯತ್ವ ನವೀಕರಣ ಬಾಕಿಯಿರುವವರು ಬೇಗ ಮಾಡಿ, ರಾಜ್ಯೋತ್ಸವದ ಅಡುಗೆಗೆ ಕೈ ಸಾಲದು. ಈ ಪತ್ರಿಕೆಗೂ ಕರಡು ತಿದ್ದುವವರೊಬ್ಬರು ಬೇಕೇ ಬೇಕು, ದಯವಿಟ್ಟು ಯಾರಾದರೂ ಬನ್ನಿ.

– ಸಂ.