ಬಾಜೂ ಟೆಂಟಿನ ನಗಿ

ನವನಗರ, ಬಾಗಲಕೋಟೆ
ರವಿವಾರ ಸಂಜಿ

ದೋಸ್ತಾ,

ಎರಡನೇ ಗಿರಮಿಟ್ಟಿನ ಲೆಕ್ಕ ಇನ್ನೂ ಬಾಕಿ ಐತಿ. ಅದನ್ನ ಎಲ್ಲಾರ ಮುಂದ ತಗಿಯಂಗಿಲ್ಲ, ಹೆದರಬ್ಯಾಡ. "ಎಲ್ಲಾರೂ ಎಲ್ಲೆಲ್ಲೋ ಅದಾರ, ನಾ ಒಬ್ಬನ ಮನ್ಯಾಗ ಕುಂತೀನಿ ಅನಸ್ತೈತಿ, ಇದಕ್ಕೇನರ ಮದ್ದೈತೇನು" ಅಂತ ಕೇಳಿದ್ದೆಲ್ಲ, ಅದಕ್ಕ ಬರೀಲಿಕ್ಕೆ ಕುಂತೀನಿ.

ಮೊದಲ ಲೆಕ್ಕ ಹಾಕು. ನಿನ್ನ ಫೋನಿನ್ಯಾಗ ಸ್ಟೇಟಸ್ ಹಾಕೋ ಮಂದಿ 240 ಅಂತ ಹಿಡಿ. ಒಬ್ಬೊಬ್ಬರು ತಿಂಗಳಿಗೆ ಒಂದ ಸಲ ಎಲ್ಲರೆ ಹೋಗಿ ಒಂದು ಫೋಟೋ ಹಾಕತಾರ. ದಿನಕ್ಕ 8 ಬಿತ್ತು. ನಿನಗ ದಿನಾ 8 ಜಾತ್ರಿ ಕಾಣತಾವು, ನಿಂದು ಮಾತ್ರ ತಿಂಗಳಿಗೊಂದು. ಉಳಿದ 232 ಮಂದಿ ಆವತ್ತು ಬನಿಯನ್ ಮ್ಯಾಲ ಕುಂತು ತಂಗಳ ರೊಟ್ಟಿ ತಿನ್ನಾಕತ್ತಿರತಾರ. ಅದರ ಫೋಟೋ ಯಾರ ಹಾಕತಾರ?

ಇದಕ್ಕ ಫೋಮೋ (ಫಿಯರ್ ಆಫ್ ಮಿಸಿಂಗ್ ಔಟ್, ಅಂದ್ರ ಏನೋ ತಪ್ಪಿಹೋಗಾಕತ್ತೈತಿ ಅನ್ನೋ ಭಯ) ಅನ್ನೋ ಹೆಸರು ಬಂದದ್ದು 2004ರಾಗ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ವಿದ್ಯಾರ್ಥಿ ಪ್ಯಾಟ್ರಿಕ್ ಮೆಗಿನ್ನಿಸ್ ಅಲ್ಲಿಯ ಹುಡುಗರ ಪತ್ರಿಕ್ಯಾಗ ಬರದಿದ್ದ. ರೋಗ ಮಾತ್ರ ನಮ್ಮಜ್ಜನ ಕಾಲದ್ದು. ಬನಶಂಕರಿ ಜಾತ್ರ್ಯಾಗ ನಾಟಕ ಕಂಪನಿಗೋಳು ಸಾಲಾಗಿ ಟೆಂಟ್ ಹೊಡದಿರತಾವಲ್ಲ, ಟಿಕೆಟ್ ತಗದು ಒಂದರಾಗ ಕುಂತ್ರ ಬಾಜೂ ಟೆಂಟಿನ ನಗಿ ಕೇಳತೈತಿ, ನಗಿಸಿದ ಮಾತು ಕೇಳಂಗಿಲ್ಲ. ಕೇಳದ ಮಾತು ಯಾವಾಗ್ಲೂ ನಾವು ಕೇಳಿದ್ದಕ್ಕಿಂತ ಚಲೋ ಇರತೈತಿ! ಆದ್ರ ಜಾತ್ರಿಗೆ ಮುಗಿಯೋ ದಿನಾ ಅಂತ ಒಂದಿತ್ತು. ಫೋನಿನ ಜಾತ್ರಿಗೆ ಅದಿಲ್ಲ, ಮ್ಯಾಲ 24 ತಾಸಿನ ಗಡುವು ಬ್ಯಾರೆ. ಅಳಿಸಿ ಹೋಗತೈತಿ ಅಂದಕೂಡ್ಲೆ ಬೆರಳು ಓಡತೈತಿ.

ಇನ್ನ ಮದ್ದು. "ಇವತ್ತಿಂದ ಎಲ್ಲಾ ನೋಟಿಫಿಕೇಶನ್ ಬಂದ್" ಅಂತ ಶೌರ್ಯ ಮಾಡಬ್ಯಾಡ. 2019ರಾಗ ಪ್ರಕಟ ಆದ ಒಂದು ಪ್ರಯೋಗದಾಗ, ದಿನಕ್ಕ ಮೂರು ಸಲ ಮಾತ್ರ ನೋಟಿಫಿಕೇಶನ್ ಗಂಟು ಕಟ್ಟಿ ಸಿಕ್ಕವರು ಹಗುರಾದ್ರು. ಪೂರಾ ಬಂದ್ ಮಾಡಿಸಿಕೊಂಡವರಿಗೆ ಕಳವಳಾನೂ ಹೆಚ್ಚಾತು, ಈ ಭಯಾನೂ ಹೆಚ್ಚಾತು. ಅದಕ್ಕ ಮುಂಜಾನೆ 9, ಮಧ್ಯಾಹ್ನ 1:30, ರಾತ್ರಿ 8 ಅಂತ ಮೂರು ಹೊತ್ತು ಇಟ್ಕೊ. ವಾಟ್ಸಾಪ್ ಗ್ರೂಪ್ ಮ್ಯೂಟ್ ಮಾಡುವಾಗ 8 ತಾಸಿನದು ಒತ್ತಬ್ಯಾಡ. ಮುಂಜಾನೆ ಒತ್ತಿದ್ದು ಸಂಜಿಗೆ ಬಿಚ್ಚಗೋತೈತಿ, ಮನಸು ಸಡಲಾಗೋ ಹೊತ್ತೂ ಅದ. "ಯಾವಾಗ್ಲೂ" ಅನ್ನೋದು ಒತ್ತು. ಮ್ಯೂಟ್ ಆದ ಗ್ರೂಪೂ ಮ್ಯಾಲ ಬಂದು ಕುಂದರತೈತಿ, ಕಣ್ಣಿಗೆ ಬೀಳತೈತಿ. ಅದಕ್ಕ ಆರ್ಕೈವ್ ಮಾಡು, ಅಂದ್ರ ಪಟ್ಟಿಯಿಂದ ತಗದು ಬ್ಯಾರೆ ಖಾನ್ಯಾಗ ಇಡು. ಚಾಟ್ ಸೆಟ್ಟಿಂಗಿನ್ಯಾಗ ಆರ್ಕೈವ್ ಆದದ್ದು ಅಲ್ಲೇ ಇರಲಿ ಅನ್ನೋ ಗುಂಡಿ ಚಾಲೂ ಐತೇನು ನೋಡು, ಇಲ್ಲಂದ್ರ ಹೊಸ ಮೆಸೇಜ್ ಬಂದಕೂಡ್ಲೆ ಎದ್ದು ಬರತೈತಿ. ಏನರೆ ತಪ್ಪತೈತಿ ಅಂತ ಅಂಜಬ್ಯಾಡ. ನಿನ್ನ ಹೆಸರು ಹಿಡದು ಯಾರರೆ ಕರದ್ರ, ನಿನ್ನ ಮಾತಿಗೆ ಉತ್ತರ ಕೊಟ್ರ, ಆಗ ಗಂಟಿ ಬಾರಿಸೇ ಬಾರಸತೈತಿ.

ಆದ್ರ ಮೊದಲನೇ ವಾರ ಇದ್ಯಾವುದೂ ಬ್ಯಾಡ, ಬರೇ ಎಣಸು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮೆಲಿಸ್ಸಾ ಹಂಟ್ 2018ರಾಗ 143 ವಿದ್ಯಾರ್ಥಿಗಳ ಮ್ಯಾಲ ನೋಡಿದ್ರು. ಅರ್ಧ ಮಂದಿಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್ ಒಂದೊಂದಕ್ಕ ದಿನಕ್ಕ 10 ನಿಮಿಷ, ಮೂರು ವಾರ. ಅವರ ಒಂಟಿತನ ಇಳೀತು. ಮಜಾ ಏನಪಾ ಅಂದ್ರ, ಕಟ್ಟಳೆ ಇಲ್ಲದ ಉಳಿದವರದೂ ಫೋಮೋ ಇಳೀತು. ಅವರೂ ದಿನಾ ಫೋನಿನ ಲೆಕ್ಕದ ಚಿತ್ರ ಕಳಸ್ತಿದ್ರು, ಅಷ್ಟ. ಹಂಗಾಗಿ ರಾತ್ರಿ ಮಲಗೋ ಮುಂದ ಫೋನ್ ತೋರಸೋ ತಾಸು-ನಿಮಿಷ ಗ್ವಾಡಿ ಕ್ಯಾಲೆಂಡರಿನ ಚೌಕದಾಗ ಬರಿ. ಬಾಯಿಲೆಕ್ಕ ನಂಬಬ್ಯಾಡ, ಅರ್ಧಕ್ಕರ್ಧ ಸುಳ್ಳಿರತೈತಿ. ಮನಿ ಮಂದಿ ಓದತಾರ ಅನ್ನೋ ನಾಚಿಕಿನೂ ಒಂದಷ್ಟು ಕೆಲಸ ಮಾಡತೈತಿ.

2013ರಾಗ ಈ ಭಯ ಅಳಿಯಾಕ 10 ಪ್ರಶ್ನೆ ಮಾಡಿದವರಿಗೆ ಇನ್ನೊಂದು ಸಿಕ್ಕಿತ್ತು: ಮಂದಿ ಜೋಡಿ ನಂಟು ಕಡಿಮಿ ಅನ್ನಿಸಿದವರಿಗೆ ಇದು ಜಾಸ್ತಿ. ಓದಿ ಪುಟಾ ತಿರಿವಿಬಿಟ್ಟಿದ್ದೆ.

ಗಂಟಿ ಮಾತು ಹೇಳಿದ್ನೆಲ್ಲ. ನಮ್ಮ ಓಣಿ ಹೋಳಿ ಗ್ರೂಪ್ ಆರ್ಕೈವ್ ಮಾಡಿ 11 ದಿನ ಆತು. ಹಲಗಿ ಬಡದ್ರು, ಬ್ಯಾರಲ್ ಏರಿಸಿ ಬಂಡಿ ಹೊಡದ್ರು, ಎಲ್ಲಾ ಮುಗೀತು. ನನ್ನ ಹೆಸರಿಗೆ ಒಂದೂ ಗಂಟಿ ಬಾರಸ್ಲಿಲ್ಲ. ಬಣ್ಣ ತಪ್ಪಿದ್ರ ತಪ್ಪಲಿ. "ಅಂವ ಎಲ್ಲಿ" ಅಂತ ಯಾರೂ ಕೇಳ್ಲಿಲ್ಲ ನೋಡು, ಅದು ಇನ್ನೂ ಎದ್ಯಾಗ ಕುಂತೈತಿ. ಇನ್ನೊಂದು: ಸಂಕ್ರಮಣದಿಂದ ನಿನ್ನ ಸ್ಟೇಟಸ್ ಮ್ಯೂಟ್ ಮಾಡೇನಿ. ಸಿಟ್ಟಿಲ್ಲ ಮಾರಾಯಾ. ನೀ ನಕ್ಕೋತ ನಿಂತ ಫೋಟೋ ನೋಡಿದ್ರ, ಇದನ್ನ ತಗದವರು ಯಾರು ಅನ್ನೋದ ತಲ್ಯಾಗ ತಿರಗತಿತ್ತು.

ಆತು, ಇದನ್ನ ಅಳಸಬೇಕಿತ್ತು, ಅಳಸಾಂಗಿಲ್ಲ. ಮ್ಯೂಟ್ ಮಾಡಿದ ಸ್ಟೇಟಸ್ ಕೆಳಗಿನ ಖಾನ್ಯಾಗ ಹೋಗಿ ಕುಂದರತೈತಿ, ಅದನ್ನ ದಿನಾ ಕೆಳಗಿಳದು ನೋಡೇ ನೋಡತೀನಿ, ಇಷ್ಟು ಶಾಣ್ಯಾ ನಿನ್ನ ವೈದ್ಯ. ಓದಿದ್ದು ತೋರಸೋ ನೀಲಿ ಗೆರಿ ಬಂದ್ ಇಟ್ಟೀನಿ, ಹಂಗಾಗಿ ನೋಡಿದವರ ಪಟ್ಟ್ಯಾಗ ನನ್ನ ಹೆಸರು ನಿನಗ ಸಿಕ್ಕಿಲ್ಲ. ಓದಿದ ಕೂಡ್ಲೆ ಫೋನ್ ಮಾಡಬ್ಯಾಡ, ನಾ ನೋಡೋದು ರಾತ್ರಿ 8ಕ್ಕ. ಮಾಡಿದ್ರ ಎರಡು ಸಲ ಮಾಡು.

ಗಿರಮಿಟ್ಟಿನ ರೊಕ್ಕ ಯಾವ ಹೊತ್ತಿಗೆ ಕಳಿಸಿದ್ರೂ ನಡೀತೈತಿ.

ನಿನ್ನ,
ಮೂರನೇ ಬೆಂಚು